ಕೆರೆಯ ಕೋಡಿ

ಅನ್ನದ ಋಣ ಉಣಿಸಿದವರಿಗೆ ಮರಳಿ ಕೊಟ್ಟು ತೀರುವಂಥದಲ್ಲ. ಹಸಿದ ಇನ್ನೊಬ್ಬನಿಗೆ ಉಣಿಸಿ ತೀರಿಸಬೇಕಾದದ್ದು. ದಾನ ಮಾಡಿದವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯಬಹುದು. ಶರಣರ ದಾಸೋಹದಲ್ಲಿ ಕೊಡುವವನೇ ಸೇವಕ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ 1960ರಲ್ಲಿ ಮೈದಳೆದ ವಿಶ್ವವಿದ್ಯಾನಿಲಯದ ಆವರಣಕ್ಕೆ ಕುವೆಂಪು ಅವರು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಹಳ್ಳಿಗಾಡಿನ ಎಷ್ಟೋ ಮಕ್ಕಳು ಆ ನಗರದಲ್ಲಿ ಓದಿದ್ದು ಉಚಿತ ವಿದ್ಯಾರ್ಥಿನಿಲಯಗಳ ಆಸರೆಯಿಂದ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1941ರಲ್ಲಿಯೇ ಅಲ್ಲಿ ಅಂಥದೊಂದು ನಿಲಯವನ್ನು ಆರಂಭಿಸಿದ್ದರು.

ಚಾಮರಾಜನಗರದ ಕಡೆಯ ತರುಣನೊಬ್ಬ ಗಣಕವಿಜ್ಞಾನ ಓದಲು ಗಂಗೋತ್ರಿಗೆ ಬಂದಾಗ ಅವನ ಕೈಯಲ್ಲಿದ್ದುದು ಪ್ರವೇಶಶುಲ್ಕದ ಹಣವಷ್ಟೇ. ಉಚಿತ ನಿಲಯವೊಂದು ಅವನಿಗೆ ಜಾಗ ಕೊಟ್ಟಿತು. ಮುಂಜಾನೆ ಕೆರೆಯ ಏರಿಯ ಮೇಲೆ ಪುಸ್ತಕ ಹಿಡಿದು ನಡೆಯುವುದು, ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತ ನಿಲ್ಲುವುದು ಅವನ ನಿತ್ಯವಿಧಿಯಾಯಿತು. ರಾತ್ರಿ ತಡವಾಗಿ ಬಂದರೂ ಅಡುಗೆಯ ಅಜ್ಜ ಮುದ್ದೆ ಎತ್ತಿಟ್ಟಿರುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿರಲಿಲ್ಲ, “ಉಂಡ್ಯಾ ಮಗಾ?” ಎಂದಷ್ಟೇ ಕೇಳುತ್ತಿದ್ದರು.

ವರ್ಷಗಳು ಉರುಳಿದವು. ಆತ ಮಹದೇವಪುರದಲ್ಲಿ ಸಾಫ್ಟ್‌ವೇರ್ ಉದ್ಯೋಗಿಯಾದ. ಒಂದು ದಿನ ಊರಿನ ಹಿರಿಯರ ಕರೆ ಬಂತು. “ನನ್ನ ಮೊಮ್ಮಗ ವೈಟ್‌ಫೀಲ್ಡಿಗೆ ಸಂದರ್ಶನಕ್ಕೆ ಬರ್ತಾವ್ನೆ ಕಣಪ್ಪ. ನಾಕು ದಿನ ನಿಮ್ಮನೇಲಿ ಇರ್ಲಿ.” ಆತ ಒಂದು ಕ್ಷಣ ತಡೆದು, “ನಾವು ಊರಲ್ಲಿರಲ್ಲ ಗೌಡ್ರೇ” ಎಂದ. ಅದು ಸುಳ್ಳು. ಮನೆ ಚಿಕ್ಕದೆಂಬುದು ನಿಜವಾಗಿತ್ತು; ಆದರೆ ಚಿಕ್ಕದಾದದ್ದು ಮನೆಯೊಂದೇ ಅಲ್ಲವೆಂದು ಅವನ ಅಂತರಂಗ ನುಡಿಯಿತು.

ಮರುದಿನ ಸಂಜೆ ವರ್ತೂರು ಕೆರೆಯ ಬಳಿ ಹಾದುಹೋಗುವಾಗ ಆತ ನಿಂತ. ಬೆಳ್ಳಂದೂರು ಕೆರೆ ಕೋಡಿ ಹರಿದರೆ ನೀರು ವರ್ತೂರಿಗೆ ಬರುತ್ತದೆ. ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ತುಂಬಿದ ಕೆರೆ ಮುಂದಿನ ಕೆರೆಗೆ ಕೊಡಬೇಕೆಂಬುದೇ ಹಿಂದಿನವರು ಕಟ್ಟಿದ ಏರ್ಪಾಡು. ನಗರ ಕೊಳಚೆಯನ್ನು ಹರಿಸಿದ್ದರಿಂದ ಕೆಳಗಿನ ಕೆರೆಗೂ ಕೊಳಚೆಯೇ ಹರಿಯಿತು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ತನಗೆ ಹರಿದು ಬಂದದ್ದಾದರೋ ತಿಳಿನೀರು. ತಾನು ಮುಂದಕ್ಕೆ ಹರಿಸಿದ್ದೇನು?

ಆತ ಊರಿಗೆ ಕರೆ ಮಾಡಿ ಸುಳ್ಳನ್ನು ಒಪ್ಪಿಕೊಂಡ. ಹಿರಿಯರು ಸಿಟ್ಟಾಗಲಿಲ್ಲ. “ಹುಡ್ಗ ಆಗ್ಲೇ ಹೊರಟವ್ನೆ. ರಾತ್ರಿ ಬಸ್ ನಿಲ್ದಾಣದಲ್ಲೇ ಮಲಗ್ತೀನಿ ಅಂದ” ಎಂದರು.

ಮೈಸೂರು ರಸ್ತೆಯ ಬಸ್ ನಿಲ್ದಾಣವನ್ನು ಆತ ತಲುಪಿದಾಗ ಹನ್ನೊಂದು ಗಂಟೆ ದಾಟಿತ್ತು. ಚೀಲವನ್ನು ಎದೆಗವಚಿಕೊಂಡು ಹುಡುಗ ಬೆಂಚಿನ ಮೇಲೆ ಕುಳಿತಿದ್ದ. ಹೇಳಬೇಕೆಂದುಕೊಂಡಿದ್ದ ಕ್ಷಮೆಯ ಮಾತುಗಳಾವುವೂ ನಾಲಗೆಗೆ ಬರಲಿಲ್ಲ. ಬಂದದ್ದು ಅಜ್ಜನ ಮಾತೊಂದೇ.

“ಉಂಡ್ಯಾ?”