ಹೇಳಿ ಕೊಟ್ಟರೆ ಸಿಹಿ

ಬಟ್ಟೆ ಒಗೆಯುವ ಮುಂಚೆ ಜೇಬು ತಡಕುವುದು ನಮ್ಮಂಥ ಹೆಂಗಸರ ಹಳೇ ಅಭ್ಯಾಸ. ಗಂಡಸರ ಜೇಬಿನಲ್ಲಿ ಬಸ್ ಟಿಕೆಟ್ಟು, ಚಿಲ್ಲರೆ ಸಿಗುತ್ತದೆ. ಈ ಜೂನ್‌ನಲ್ಲಿ ಮಡಿಕೇರಿಯ ನರ್ಸರಿಯೊಂದಕ್ಕೆ ಸೇರಿದ ನನ್ನ ಮೂರೂವರೆ ವರ್ಷದ ಮೊಮ್ಮಗಳ ಜೇಬಿನಲ್ಲಿ ದಿನವೂ ಸಿಗುತ್ತಿದ್ದುದು ಮಿಠಾಯಿ ಸುತ್ತಿದ ಬಣ್ಣದ ಕಾಗದ.

"ಯಾರು ಕೊಟ್ಟರು ಪುಟ್ಟಿ?"

"ಮಿಸ್ಸು. ಅಳದಿದ್ದರೆ ಒಂದು, ಊಟ ಮುಗಿಸಿದರೆ ಇನ್ನೊಂದು. ಮನೇಲಿ ಹೇಳಬಾರದಂತೆ ಅಜ್ಜಿ!"

ಮೊದಲಿನ ಮಾತಿಗೆ ನಗು ಬಂತು. ಕೊನೆಯದಕ್ಕೆ ಎದೆ ಧಸಕ್ಕೆಂದಿತು.

ನಾವೇನು ಸಿಹಿಯ ವೈರಿಗಳಲ್ಲ. ಹುತ್ತರಿಗೆ ತಂಬಿಟ್ಟು, ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಇಲ್ಲದ ಕೊಡಗು ಉಂಟೇ? ಆದರೆ ಅವೆಲ್ಲ ಮನೆಮಂದಿಯ ಕಣ್ಣೆದುರಿಗೆ ತಿನ್ನುವ ಸಿಹಿ. ಅಂಗನವಾಡಿಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ. ಅದೂ ಕೇರಿಗೆಲ್ಲ ಗೊತ್ತು. ಮಿಸ್ಸಿನ ಮೇಜಿನ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂದು ಮಾತ್ರ ಹೆತ್ತವರಿಗೆ ಗೊತ್ತಿಲ್ಲ.

ತಿನ್ನುವ ಆಹಾರದ ಒಟ್ಟು ಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ಹತ್ತರಲ್ಲೊಂದಕ್ಕಿಂತ ಕಡಿಮೆಯಿರಲಿ, ಇಪ್ಪತ್ತರಲ್ಲೊಂದಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇಷ್ಟು ಸಣ್ಣ ಮಗುವಿಗೆ ಆ ಇಪ್ಪತ್ತರಲ್ಲೊಂದು ಪಾಲೆಂದರೆ ಸುಮಾರು ನಾಲ್ಕು ಟೀ ಚಮಚ. ಮನೆಯ ಹಾಲು, ಬಿಸ್ಕತ್ತಿನಲ್ಲೇ ಅದು ಮುಗಿದಿರುತ್ತದೆ. ಅಂಟು ಮಿಠಾಯಿ ಹಾಲುಹಲ್ಲಿಗೆ ಹುಳುಕು ತರುತ್ತದೆ. ದುಂಡಗಿನ ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಇವೆಲ್ಲಕ್ಕಿಂತ ನನಗೆ ಭಯವಾದದ್ದು ಆ "ಹೇಳಬಾರದು" ಎಂಬ ಮಾತಿಗೆ. ಮಕ್ಕಳಿಗೆ ಕೇಡು ಬಗೆಯುವವರು ಮೊದಲು ಕಲಿಸುವ ಪಾಠವೂ ಅದೇ ಅಲ್ಲವೇ? ತಿನಿಸು ಕೊಟ್ಟು ಗುಟ್ಟು ಇಟ್ಟುಕೊಳ್ಳಲು ಹೇಳುವವರನ್ನು ನಂಬಬೇಡ ಎಂದು ಮನೆಯಲ್ಲಿ ನಾವು ಹೇಳಿಕೊಡುತ್ತಿದ್ದರೆ, ಶಾಲೆಯಲ್ಲಿ ಅದಕ್ಕೆ ತದ್ವಿರುದ್ಧ!

ಸೊಸೆಯೂ ನಾನೂ ಹೋಗಿ ಮಾತಾಡಿದೆವು. ಮಿಸ್ಸು ಇನ್ನೂ ಚಿಕ್ಕ ಹುಡುಗಿ. "ಇಪ್ಪತ್ತೈದು ಮಕ್ಕಳು ಒಟ್ಟಿಗೆ ಅತ್ತರೆ ನಾನೊಬ್ಬಳೇ ಏನು ಮಾಡಲಿ ಆಂಟಿ? ಗೊತ್ತಾದರೆ ನೀವೆಲ್ಲ ಬಯ್ತೀರಿ ಅಂತ ಹಾಗೆ ಹೇಳಿದೆ" ಎಂದಳು. ಅವಳ ಕಷ್ಟವೂ ಸುಳ್ಳಲ್ಲ. ಅಷ್ಟು ಮಕ್ಕಳಿಗೆ ಒಬ್ಬಳನ್ನೇ ಇಟ್ಟವರನ್ನೂ ಕೇಳಬೇಕಾದ್ದೇ, ಕೇಳಿದೆವು. ಈಗ ಒಬ್ಬ ಆಯಾ ಬಂದಿದ್ದಾಳೆ. ಯಾರದಾದರೂ ಹುಟ್ಟುಹಬ್ಬದ ಮಿಠಾಯಿ ಇದ್ದರೆ ಚೀಲದಲ್ಲಿ ಮನೆಗೇ ಬರುತ್ತದೆ, ಡೈರಿಯಲ್ಲಿ ಒಂದು ಸಾಲೂ ಇರುತ್ತದೆ.

ನಿಮ್ಮ ಮಗುವಿನ ಶಾಲೆಯಲ್ಲೂ ಒಮ್ಮೆ ವಿಚಾರಿಸಿ. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. ಮಗು ಏನು ತಿಂದಿತು ಎಂದು ಕೇಳುವ ಹಕ್ಕು ತಾಯಿಗಿದೆ. ಅದನ್ನು ಹೆದರದೆ ಹೇಳುವ ಧೈರ್ಯ ಮಗುವಿಗಿರಬೇಕು.