ಅಣ್ಣನ ಕಾರಿನ ಬಾನೆಟ್ ತೆರೆದಾಗ

ಪಂಚನಹಳ್ಳಿಯ ನಮ್ಮ ಮನೆಯ ಹಿಂದೆ ಒಂದು ಹೆಂಚಿನ ಕೊಟ್ಟಿಗೆ ಇದೆ. ಈಗ ಅಲ್ಲಿ ದನಗಳಿಲ್ಲ. ತೆಂಗಿನ ಸಿಪ್ಪೆ, ಹಳೆಯ ನೇಗಿಲು, ಮುರಿದ ಮಂಚ ಇವುಗಳ ನಡುವೆ ಅಣ್ಣನ ಅಂಬಾಸಡರ್ ಕಾರು ಟಾರ್ಪಾಲು ಹೊದ್ದು ಮಲಗಿತ್ತು. ಹೋದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಬಂದು ಆ ಟಾರ್ಪಾಲು ಎಳೆಯದೇ ಇದ್ದಿದ್ದರೆ ಇನ್ನೂ ಹಾಗೇ ಮಲಗಿರುತ್ತಿತ್ತು.

ಅವಳು ಒಂಬತ್ತನೇ ಕ್ಲಾಸು. ಫೋನಿನಲ್ಲಿ ಅಮೆರಿಕದವರು ಹಳೆಯ ಕಾರು ರಿಪೇರಿ ಮಾಡುವುದನ್ನು ನೋಡುವ ಹುಚ್ಚು. ಅಲ್ಲಿ ‘ಮಸಲ್ ಕಾರು’ ಅಂತ ಒಂದು ಜಾತಿಯಂತೆ, ಅಂದರೆ ಕಟ್ಟುಮಸ್ತಾದ ಪೈಲ್ವಾನ್ ಕಾರು. 1964ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಓ. ಎಂಬುದಕ್ಕೆ ಎಂಟು ಸಿಲಿಂಡರ್, ಸುಮಾರು 6,375 ಸಿಸಿ ಎಂಜಿನ್. ಅಂಥ ಕಾರುಗಳ ಬಾನೆಟ್ ಒಳಗಿನ ಜಾಗವನ್ನು ಅಲ್ಲಿನವರು ಅಡುಗೆ ಮನೆಗಿಂತ ಚೊಕ್ಕಟವಾಗಿ ಇಡುತ್ತಾರೆ ಎಂದು ತೋರಿಸಿದಳು. “ತಾತ, ದೊಡ್ಡತಾತನ ಕಾರೂ ಹಿಂಗೆ ಮಾಡೋಣ” ಅಂದಳು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿತ್ತು.

ಆ ಕಾರು 1977ರ ಮಾಡೆಲ್, ಅಂಬಾಸಡರ್ ಮಾರ್ಕ್ 3. ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಮಾಡಿದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರೇ ಇಲ್ಲಿ ಅಂಬಾಸಡರ್ ಆಗಿ, 2014ರವರೆಗೆ ತಯಾರಾಯಿತು. ಅಣ್ಣ 1984ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ತಂದ. ಸುತ್ತಲಿನ ಹಳ್ಳಿಗಳ ಮದುವೆಗೆ ಅದೇ ಕಾರು, ಹೆರಿಗೆ ನೋವು ಬಂದವರನ್ನು ರಾತ್ರಿ ಅರಸೀಕೆರೆಗೆ ಕರೆದೊಯ್ಯಲೂ ಅದೇ ಕಾರು. ಹೆರಿಗೆಗೆ ಹೋದವರಿಂದ ಅಣ್ಣ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

1996ರ ಬೇಸಿಗೆಯಲ್ಲಿ ತಿಪಟೂರಿಗೆ ಹೋಗುವಾಗ ಎಂಜಿನ್ ಕಾದು, ಬಿಳಿ ಹೊಗೆ ಎದ್ದು ನಿಂತುಹೋಯಿತು. ಅಣ್ಣ ಬಸ್ಸು ಹತ್ತಿ ನನ್ನ ಹತ್ತಿರ ಬಂದ. ಆ ವರ್ಷ ತೆಂಗಿಗೆ ನೀರಿಲ್ಲದೆ ಅವನ ಕೈ ಖಾಲಿ. ನಾನು ಬ್ಯಾಂಕಿನಲ್ಲಿ ಗುಮಾಸ್ತ. “ನಾಲ್ಕು ಸಾವಿರ ಇದ್ರೆ ಕೊಡೋ, ಕೊಬ್ಬರಿ ಮಾರಿ ಕೊಡ್ತೀನಿ” ಅಂದ. ನನ್ನ ಹತ್ತಿರ ಇತ್ತು. ಆದರೂ ಒಂದು ಕಾಗದ ತೆಗೆದುಕೊಂಡು ಕಾರಿನ ಆದಾಯ, ಖರ್ಚು, ಸವಕಳಿ ಎಲ್ಲ ಬರೆದು, “ಇದಕ್ಕೆ ಹಾಕೋ ದುಡ್ಡು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಗುಜರಿಗೆ ಹಾಕು” ಅಂದೆ. ಅಣ್ಣ ಆ ಕಾಗದವನ್ನು ನೋಡಿ, ಕಾಫಿ ಕುಡಿದು ಎದ್ದು ಹೋದ. ಆಮೇಲೆ ಹಬ್ಬ, ಮದುವೆ ಎಲ್ಲದರಲ್ಲೂ ಮಾತಾಡಿದ. ಆದರೆ ನನ್ನನ್ನು ಮತ್ತೆಂದೂ ಏನೂ ಕೇಳಲಿಲ್ಲ. ಕಾರನ್ನು ಗುಜರಿಗೂ ಹಾಕಲಿಲ್ಲ.

ಈಗ ನನಗೆ ಎಪ್ಪತ್ನಾಲ್ಕು, ಅವನಿಗೆ ಎಂಬತ್ತೆರಡು. ಕಣ್ಣು ಮಂಜು. ಮೊಮ್ಮಗಳೇ ಹೋಗಿ ಅವನನ್ನು ಕೇಳಿದಳು. “ಏನಾದ್ರೂ ಮಾಡ್ಕಳಿ” ಅಂದ. ಆದರೆ ನಾವು ಬಾನೆಟ್ ಎತ್ತುವ ಹೊತ್ತಿಗೆ ತಾನೇ ಕೋಲೂರಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ.

ಒಳಗೆ ಕಂಡದ್ದು ಇಲಿಗಳ ಸಂಸಾರ. ತೆಂಗಿನ ನಾರು, ಹತ್ತಿ, ಚಿಂದಿ ಬಟ್ಟೆಯ ಗೂಡು. ವೈರುಗಳ ಮೇಲಿನ ಪ್ಲಾಸ್ಟಿಕ್ ತಿಂದು ತಾಮ್ರ ಹೊರಗೆ ಬಂದಿತ್ತು. ಎಂಜಿನ್ ಮೇಲೆ ಎಣ್ಣೆ, ಧೂಳು ಸೇರಿ ಬೆರಳು ದಪ್ಪದ ಕರಿ ಪದರ. ಅರಸೀಕೆರೆಯಿಂದ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಮೊದಲು ಹೇಳಿದ್ದು, “ಏನು ಬಿಚ್ಚೋಕೂ ಮುಂಚೆ ಫೋಟೋ ತೆಗೀರಿ. ಬಿಚ್ಚೋದು ಸುಲಭ, ಕೂಡ್ಸೋದು ಕಷ್ಟ.” ಮೊಮ್ಮಗಳು ಫೋಟೋ ತೆಗೆದಳು. ನಾನು ಪ್ರತಿ ವೈರಿಗೂ ಚೀಟಿ ಕಟ್ಟಿ ನಂಬರು ಬರೆದೆ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಅವಕ್ಕೂ ಚೀಟಿ ಅಂಟಿಸಿದೆ. ಅದು ನನಗೆ ಬರುವ ಕೆಲಸ.

ಕರಿ ಪದರವನ್ನು ಹಳೆಯ ಚಾಕುವಿನಲ್ಲಿ ಕೆರೆದು, ಬ್ರಷ್ಷಿನಲ್ಲಿ ಡೀಸೆಲ್ ಹಚ್ಚಿ ನೆನೆಸಿ, ಒರೆಸಿದೆವು. ಬ್ಯಾಟರಿ ಕೂರುವ ತಟ್ಟೆಯನ್ನು ಆಸಿಡ್ ತಿಂದು ಜರಡಿ ಮಾಡಿತ್ತು. ಅದಕ್ಕೆ ಅಡುಗೆ ಸೋಡ ಕರಗಿಸಿದ ನೀರು ಹಾಕಿದಾಗ ಬುಸ್ಸೆಂದು ನೊರೆ ಬಂತು. “ಆಸಿಡ್ಡಿಗೆ ಕ್ಷಾರ ಸೇರಿದ್ರೆ ತಟಸ್ಥ” ಎಂದು ಮೊಮ್ಮಗಳು ಪಾಠ ಒಪ್ಪಿಸಿದಳು. ತಂತಿ ಬ್ರಷ್, ಎಮರಿ ಪೇಪರ್‌ನಲ್ಲಿ ತುಕ್ಕು ಉಜ್ಜಿ, ಮೊದಲು ರೆಡ್ ಆಕ್ಸೈಡ್, ಒಣಗಿದ ಮೇಲೆ ಕಾರಿನದೇ ಕೆನೆ ಬಣ್ಣ ಹೊಡೆದೆವು. ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ ಎಂದರು ಮೇಸ್ತ್ರಿ. ನನಗೆ ಅದು ಕಬ್ಬಿಣದ ಮಾತಷ್ಟೇ ಅನ್ನಿಸಲಿಲ್ಲ.

ಎಂಜಿನ್ ತಿರುಗುತ್ತಿರಲಿಲ್ಲ. ಪ್ಲಗ್ಗುಗಳ ತೂತಿನಿಂದ ಎಣ್ಣೆ ಬಿಟ್ಟು ಎಂಟು ದಿನ ಕಾದೆವು. ಒಂಬತ್ತನೇ ದಿನ ಮುಂದಿನಿಂದ ಹ್ಯಾಂಡಲ್ ಹಾಕಿ ಒತ್ತಿದಾಗ ‘ಕಟ್’ ಎಂದು ಸಡಿಲವಾಯಿತು. ಆಮೇಲೆ ಮೇಲಿನ ಹೆಡ್ ಬಿಚ್ಚಿದರು. ನಾಲ್ಕು ಸಿಲಿಂಡರ್‌ಗಳು ನಾಲ್ಕು ಲೋಟ ಜೋಡಿಸಿದಂತೆ ಕಂಡವು.

ಮಕ್ಕಳೇ, ಇಲ್ಲೊಂದು ಲೆಕ್ಕವಿದೆ. ಮೊಮ್ಮಗಳು ಮೇಸ್ತ್ರಿಯ ಕ್ಯಾಲಿಪರ್‌ನಲ್ಲಿ ಸಿಲಿಂಡರಿನ ವ್ಯಾಸ ಅಳೆದಳು: 7.3 ಸೆಂಟಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 8.9 ಸೆಂಟಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತು. ತ್ರಿಜ್ಯ 3.65, ಅದರ ವರ್ಗವನ್ನು 3.14ರಿಂದ ಗುಣಿಸಿ, ಮತ್ತೆ 8.9ರಿಂದ ಗುಣಿಸಿ, ನಾಲ್ಕು ಸಿಲಿಂಡರಿಗೆ ನಾಲ್ಕರಿಂದ ಗುಣಿಸಿ. ಅವಳಿಗೆ ಬಂದ ಉತ್ತರ 1489. ಅಂಬಾಸಡರ್ ಎಂಜಿನ್ ಎಷ್ಟು ಸಿಸಿ ಎಂದು ಅಣ್ಣನನ್ನು ಕೇಳಿದಳು. “ಸಾವಿರದ ನಾನೂರ ಎಂಬತ್ತೊಂಬತ್ತು” ಅಂದ. ಅವಳು ಕುಣಿದಾಡಿಬಿಟ್ಟಳು. ಪುಸ್ತಕದ ಸೂತ್ರ ಕೊಟ್ಟಿಗೆಯಲ್ಲಿ ನಿಜವಾಗಿತ್ತು.

ಅವತ್ತೇ ಮೇಸ್ತ್ರಿ ಹೆಡ್ ಮೇಲೆ ಸ್ಕೇಲ್ ಇಟ್ಟು ನೋಡಿ, “ಹೆಡ್ಡು ಸೊಟ್ಟ ಆಗಿಲ್ಲ. ಬೋರಿನ ಗಡಸು ನೀರು ಹಾಕಿ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿದೆ. ಅದಕ್ಕೇ ಕಾದು ಗ್ಯಾಸ್ಕೆಟ್ ಹೋಗಿರೋದು. ಆಗಲೇ ಗ್ಯಾಸ್ಕೆಟ್ ಬದಲಾಯ್ಸಿ ರೇಡಿಯೇಟರ್ ತೊಳ್ಸಿದ್ರೆ ಮಾರನೇ ದಿನ ಓಡೋದು” ಅಂದರು. ಕುರ್ಚಿಯಲ್ಲಿದ್ದ ಅಣ್ಣ ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ನಾನು ಡಬ್ಬಿಯಲ್ಲಿದ್ದ ಬೋಲ್ಟುಗಳನ್ನು ಸುಮ್ಮನೆ ಮತ್ತೆ ಎಣಿಸಿದೆ. ಅಷ್ಟೆಲ್ಲ ಲೆಕ್ಕ ಬರೆದವನು ‘ನಿಜವಾಗಿ ಏನು ಹಾಳಾಗಿದೆ’ ಎಂದು ಒಂದು ಮಾತು ಕೇಳಿರಲಿಲ್ಲ.

ಗ್ಯಾಸ್ಕೆಟ್, ರಬ್ಬರ್ ಪೈಪು, ಫ್ಯಾನ್ ಬೆಲ್ಟ್, ಪ್ಲಗ್, ಪಾಯಿಂಟ್ ಎಲ್ಲ ಹೊಸದು ಬಂತು. ರೇಡಿಯೇಟರ್ ತೊಳೆಸಿದ್ದಾಯಿತು. ಹಳಸಿದ ಪೆಟ್ರೋಲ್ ಬಸಿದು ಟ್ಯಾಂಕು, ಕಾರ್ಬುರೇಟರ್ ಚೊಕ್ಕ ಮಾಡಿದರು. ಪ್ಲಗ್ಗಿಗೆ ಹೋಗುವ ದಪ್ಪ ವೈರುಗಳನ್ನು ಇಲಿ ತಿಂದಿದ್ದರಿಂದ ಅವೂ ಹೊಸವು. ಮೇಸ್ತ್ರಿ ಊಟಕ್ಕೆ ಹೋದಾಗ ಆ ವೈರುಗಳನ್ನು ನಾನೇ ಸಿಕ್ಕಿಸಿದೆ.

ಸಂಜೆ ಸ್ಟಾರ್ಟ್ ಮಾಡಿದರೆ, ಎಂಜಿನ್ ಕೆಮ್ಮಿತು, ಕಾರ್ಬುರೇಟರ್ ಕಡೆಯಿಂದ ಢಬ್ ಎಂದು ಬೆಂಕಿ ಉಗುಳಿ ನಿಂತಿತು. ಮೊಮ್ಮಗಳು ಹಿಂದಕ್ಕೆ ಹಾರಿದಳು. ಮೇಸ್ತ್ರಿ ಬಗ್ಗಿ ನೋಡುವಷ್ಟರಲ್ಲಿ ಬಾಗಿಲಿನಿಂದ ಅಣ್ಣನ ದನಿ ಬಂತು.

“ವೈರು ಹೆಂಗೆ ಹಾಕಿದ್ದೀಯೋ?”

“ಒಂದು, ಎರಡು, ಮೂರು, ನಾಲ್ಕು.”

“ಒಂದು, ಮೂರು, ನಾಲ್ಕು, ಎರಡು ಕಣೋ! ಎಲ್ಲಾ ನಿನ್ನ ಲೆಡ್ಜರ್ ಥರ ಸೀರಿಯಲ್ಲಾಗಿ ಬರಲ್ಲ.”

ಅವನು ಸರಿ. ಈ ಎಂಜಿನ್ನಿನಲ್ಲಿ ಒಂದನೇ ಮತ್ತು ನಾಲ್ಕನೇ ಪಿಸ್ಟನ್ ಜೊತೆಯಾಗಿ ಏಳುತ್ತವೆ, ಎರಡು ಮತ್ತು ಮೂರು ಜೊತೆಯಾಗಿ ಇಳಿಯುತ್ತವೆ. ಅದಕ್ಕೆ ಕಿಡಿ ಆ ಸರದಿಯಲ್ಲೇ ಹೋಗಬೇಕು. ನಾನು ಹಾಕಿದ ರೀತಿಯಲ್ಲಿ ಒಂದನೇ ಸಿಲಿಂಡರ್ ಬಿಟ್ಟು ಉಳಿದ ಮೂರಕ್ಕೂ ತಪ್ಪು ಹೊತ್ತಿನಲ್ಲಿ ಕಿಡಿ ಹೋಗುತ್ತಿತ್ತು. ಕಣ್ಣು ಕಾಣದ ಅಣ್ಣ ಸದ್ದು ಕೇಳಿಯೇ ಅದನ್ನು ಹಿಡಿದಿದ್ದ.

ವೈರು ಬದಲಿಸಿದೆ. ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಮೊದಲು ನೀಲಿ ಹೊಗೆ, ಆಮೇಲೆ ನಿಧಾನಕ್ಕೆ ಆ ಹಳೆಯ ಗುಡುಗುಡು. ಒಳಮನೆಯಿಂದ ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಅಣ್ಣ ಎದ್ದು, ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಮಡ್ಗಾರ್ಡಿನ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತಿದ್ದ.

ನಾನು ಪಕ್ಕಕ್ಕೆ ಹೋಗಿ, “ಅವತ್ತು ನಾನು ಕೊಡಬೇಕಿತ್ತು ಅಣ್ಣ” ಅಂದೆ. ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಕೇಳಿಸಿತ್ತು.

“ಅದಿರ್ಲಿ. ರೇಡಿಯೇಟರಿಗೆ ಬೋರಿನ ನೀರು ಹಾಕ್ಬೇಡ. ಮಳೆ ನೀರು ಹಿಡಿದಿಟ್ಟು ಹಾಕು” ಅಂದ. ಸ್ವಲ್ಪ ತಡೆದು, “ನಾಳೆ ನನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀಯಾ?” ಎಂದು ಕೇಳಿದ.

ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚಾಗಿತ್ತು, ಅವನು ನನ್ನನ್ನು ಏನಾದರೂ ಕೇಳಿ.

ಮಾರನೇ ದಿನ ಬಸ್ಸಿನಲ್ಲೇ ಹೋದೆವು. ಕಾರಿನ ರಿಜಿಸ್ಟ್ರೇಷನ್ ಎಂದೋ ಮುಗಿದಿದೆ. ಹದಿನೈದು ವರ್ಷ ದಾಟಿದ ಕಾರನ್ನು ತಪಾಸಣೆಗೆ ಒಪ್ಪಿಸಿ ನವೀಕರಿಸದೆ ರಸ್ತೆಗೆ ಇಳಿಸುವಂತಿಲ್ಲ. ಆ ಕಾಗದಪತ್ರದ ಕೆಲಸ ನಾನು ಹಿಡಿದಿದ್ದೇನೆ. ಅಲ್ಲಿಯವರೆಗೆ ಭಾನುವಾರ ಭಾನುವಾರ ನಮ್ಮ ಕಣದಲ್ಲೇ ಎರಡು ಸುತ್ತು ಹಾಕುತ್ತೇವೆ. ಅಣ್ಣ ಪಕ್ಕದಲ್ಲಿ ಕೂತು, ಗೇರು ಬದಲಾಯಿಸಿದಾಗಲೆಲ್ಲ ನನ್ನ ತಪ್ಪು ಹೇಳುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ.