ಜೋಳದ ದಂಟಿನ ಪತಂಗ

ಕಾವ್ಯಗಳಲ್ಲಿ ಪತಂಗಕ್ಕೆ ಒಂದೇ ಕೆಲಸ: ದೀಪಕ್ಕೆ ಬಿದ್ದು ಸಾಯುವುದು. ಪತಂಗ, ಶಲಭ ಎಂಬ ಪರ್ಯಾಯಗಳನ್ನು ಹೇಳಿ ಅಮರಸಿಂಹನು ಮುಂದೆ ಸಾಗಿದನು. ಅದು ಎಲ್ಲಿ ಹುಟ್ಟಿ, ಏನನ್ನುಂಡು ಬೆಳೆಯಿತೆಂದು ಕವಿಗಳು ವಿಚಾರಿಸಿದ್ದನ್ನು ನಾವು ಓದಿಲ್ಲ. ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹಬ್ಬಿದ ಎರೆಹೊಲಗಳಲ್ಲಿ ಅಂತಹದೊಂದು ಪತಂಗದ ಮನೆಯಿದೆ. ಅದು ಹಿಂಗಾರಿ ಜೋಳದ ದಂಟು.

ಒಣಹುಲ್ಲಿನ ಬಣ್ಣದ ಈ ಕಾಂಡಕೊರಕದ ಪತಂಗವು ರೆಕ್ಕೆ ಬಿಚ್ಚಿದರೆ ಅಂಗುಲದಷ್ಟು. ಯುರೋಪಿನ ಹುಲ್ಲುಗಾವಲುಗಳಲ್ಲಿ ಸಂಚರಿಸುವ ಸಣ್ಣ ಹುಲ್ಲುಪತಂಗಗಳ ಬಳಗಕ್ಕೆ ಸೇರಿದ್ದು. ಜೋಳವೂ ಹುಲ್ಲಿನ ಜಾತಿಯೇ ಅಲ್ಲವೆ? ೧೮೮೫ರಲ್ಲಿ ಸ್ವಿನ್‌ಹೋ ಎಂಬ ಆಂಗ್ಲ ಸೈನ್ಯಾಧಿಕಾರಿಯು ಇದಕ್ಕೆ ಶಾಸ್ತ್ರೀಯವಾಗಿ ಹೆಸರಿಟ್ಟನು.

ಹೆಣ್ಣು ಎಲೆಯ ಕೆಳಮಗ್ಗುಲಲ್ಲಿ ಮೀನಿನ ಹುರುಪೆಯಂತೆ ಒಂದರಂಚಿನ ಮೇಲೊಂದಾಗಿ ತತ್ತಿಗಳನ್ನಿಡುತ್ತದೆ. ನಾಲ್ಕಾರು ದಿನಗಳಲ್ಲಿ ಹೊರಟ ಮರಿಗಳು ಸುಳಿಗೆ ಇಳಿದು ಎಳೆಯೆಲೆಯನ್ನು ಮೇಯುತ್ತವೆ. ಆ ಎಲೆ ಬಿಚ್ಚಿಕೊಂಡಾಗ, ಮಡಿಸಿದ ಕಾಗದವನ್ನು ಸೂಜಿಯಿಂದ ಚುಚ್ಚಿ ಬಿಡಿಸಿದಂತೆ, ಅಡ್ಡಸಾಲಾಗಿ ತೂತುಗಳು ಕಾಣುತ್ತವೆ. ಈ ಗುರುತನ್ನು ನೋಡಬೇಕು. ಒಣಗಿದ ಸುಳಿಯೊಂದರಿಂದಲೇ ನಿರ್ಣಯಿಸಲಾಗದು, ಮೊದಲ ತಿಂಗಳಲ್ಲಿ ಸುಳಿನೊಣವೂ ಅದನ್ನೇ ಮಾಡುತ್ತದೆ. ಬಲಿತ ಕೀಡೆ ದಂಟನ್ನು ಕೊರೆದು ಒಳಸೇರುತ್ತದೆ.

ಎಳ್ಳ ಅಮಾವಾಸ್ಯೆಗೆ ಬಬಲೇಶ್ವರದ ಆಪ್ತರೊಬ್ಬರ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಅಂತಹ ದಂಟೊಂದನ್ನು ಸೀಳಿದೆವು. ಕಂದುತಲೆಯ, ಮೈಯುದ್ದಕ್ಕೂ ಚುಕ್ಕೆಸಾಲುಗಳ ಕೀಡೆಯೊಂದು ಒಳಗಿದ್ದಿತು. ಕೋಶವಾಗುವ ಮೊದಲೇ ಅದು ದಂಟಿನ ಗೋಡೆಯಲ್ಲಿ ಕಿಂಡಿಯನ್ನು ಸಿದ್ಧಮಾಡುತ್ತದೆ. ಪತಂಗಕ್ಕೆ ಕೊರೆಯುವ ದವಡೆಯಿಲ್ಲ. ಕಿಂಡಿಯಿಲ್ಲದಿದ್ದರೆ ಹುಟ್ಟಿದಲ್ಲಿಯೇ ಸೆರೆ. ಇನ್ನೂ ಮೂಡದ ರೆಕ್ಕೆಗಳಿಗೆ ಬಾಗಿಲು ಮಾಡಿಡುವ ಈ ವಿವೇಕವನ್ನು ಯಾವ ಗುರು ಕಲಿಸಿದನೋ! ವಾರದ ಮೇಲೆ ಪತಂಗ ಹೊರಬೀಳುತ್ತದೆ.

ನಮ್ಮ ಆಶ್ಚರ್ಯ ಆ ಗೃಹಸ್ಥರಿಗೆ ಹಿಡಿಸಲಿಲ್ಲ. ಸುಗ್ಗಿಯ ತರುವಾಯ ಉಳಿದ ಕೀಡೆಗಳು ಕೂಳೆಯಲ್ಲಿಯೂ ಕಣಿಕೆಯಲ್ಲಿಯೂ ಬೇಸಿಗೆಯನ್ನು ನಿದ್ರೆಯಲ್ಲಿ ಕಳೆದು, ಮಳೆಯ ತೇವಕ್ಕೆ ಎಚ್ಚತ್ತು ಕೋಶವಾಗುತ್ತವೆ. ಆದುದರಿಂದ ಎರಡನ್ನೂ ನಾಶಮಾಡುವುದು ಉತ್ತಮವೆಂದೆವು.

“ಕೂಳಿ ಸುಡತೇನ್ರಿ. ಕಣಿಕಿ ಸುಟ್ಟರ ಎತ್ತಿಗೆ ಏನ್ ಹಾಕೂದ್ರಿ, ಮಾಸ್ತರ್ರ?”

ಉತ್ತರ ತೋಚದೆ ಸುಮ್ಮನಿದ್ದೆವು. ಎತ್ತಿನ ಊಟವೂ ಮುಂದಿನ ಪೈರಿನ ಶತ್ರುವೂ ಒಂದೇ ಬಣವೆಯಲ್ಲಿ!

೧೯೩೦ರಲ್ಲಿ ಈ ಪತಂಗ ಆಫ್ರಿಕೆಯ ಮಲಾವಿಯಲ್ಲಿ ಕಂಡುಬಂದು, ಮುಂದೆ ಅಲ್ಲಿನ ಗೋವಿನಜೋಳಕ್ಕೂ ಪೀಡೆಯಾಯಿತು. ಅದರ ಕೀಡೆಯ ಮೈಯೊಳಗೆ ತತ್ತಿಯಿಡುವ ಕಿರುಕಣಜವನ್ನು ಏಷ್ಯಖಂಡದಿಂದ ಒಯ್ದು ೧೯೯೩ರಲ್ಲಿ ಕೀನ್ಯಾದಲ್ಲಿ ಬಿಟ್ಟರು. ಆ ಕಣಜ ಭಾರತದ್ದೂ ಹೌದು. ವಿಷ ಸಿಂಪಡಿಸುವ ಮುಂಚೆ ಅದನ್ನು ನೆನೆಯಬೇಕು.

ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಗಟ್ಟಿ ಬುಡವನ್ನು ಬಿಡುತ್ತವೆ, ಕೀಡೆಯೂ ಅಲ್ಲಿಯೇ ಉಳಿಯುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬುಡವೂ ಮೇವಾಗುತ್ತದೆ. ಆ ಗೃಹಸ್ಥರು ಈ ಬೇಸಿಗೆಯಲ್ಲಿ ಹಾಗೆಯೇ ಮಾಡುತ್ತಿದ್ದಾರೆ; ಮುಂಗಾರಿಗೆ ಮುನ್ನ ಬಣವೆ ತೀರಬೇಕೆಂಬುದು ಅವರ ಲೆಕ್ಕ.